ಅಕ್ಕಿಗೆ ಕಬ್ಬಿಣ ಬೆರೆಸೋ ದುಡ್ಡಲ್ಲಿ ರಾಗಿ ಕೊಳ್ಳಿ

ಸೊಸೈಟಿ ಅಕ್ಕೀಲಿ ಪ್ಲಾಸ್ಟಿಕ್ ಕಾಳು ಬರ್ತಿದೆ ಅಂತ ಸುಮಾರು ಜನ ಕೇಳ್ತಿದ್ರಿ. ಅದು ಪ್ಲಾಸ್ಟಿಕ್ ಅಲ್ಲ. ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಸಿಡ್, ಬಿ12 ಕಲಸಿ ಯಂತ್ರದಲ್ಲಿ ಒತ್ತಿದ ಕಾಳು. ಕ್ವಿಂಟಲ್‌ಗೆ ಒಂದು ಕೆಜಿಯಂತೆ ಬೆರೆಸಿದ್ದು. ಹೆದರದೆ ತಿನ್ನಿ. ನನ್ನ ತಕರಾರು ದುಡ್ಡಿನದು.

ರಕ್ತಹೀನತೆ ತಡೆಯೋಕೆ ಅಂತ ಕೇಂದ್ರ 2024ರಲ್ಲಿ, 2028ರ ಡಿಸೆಂಬರ್‌ವರೆಗೆ ಅಂತ ಇದಕ್ಕೆ 17,082 ಕೋಟಿ ರೂಪಾಯಿ ಇಟ್ಟಿತ್ತು. ಮಿಲ್ಲಲ್ಲಿ ಪಾಲಿಶ್ ಮಾಡಿ ತೌಡಿನ ಜೊತೆ ಸತ್ವ ಕಳೆಯೋದು, ಆಮೇಲೆ ದುಡ್ಡು ಸುರಿದು ಸೇರಿಸೋದು!

ಲೆಕ್ಕ ನೋಡಿ. ಈ ಅಕ್ಕೀಲಿ ಕೆಜಿಗೆ 28ರಿಂದ 42.5 ಮಿಲಿಗ್ರಾಂ ಕಬ್ಬಿಣ ಇರಬೇಕು ಅನ್ನೋದು ನಿಯಮ. ನಮ್ಮ ರಾಗೀಲಿ ತಾನಾಗೇ ಸುಮಾರು 46 ಇದೆ. ಸುಣ್ಣದಂಶ ಅಂತೂ ಅಕ್ಕಿಯ ಹತ್ತಾರು ಪಟ್ಟು. ರಾಗೀಲಿ ಬಿ12 ಇಲ್ಲ, ಅದರ ಕಬ್ಬಿಣ ಮೈಗೆ ಹತ್ತೋದೂ ಕಮ್ಮಿ, ನಿಜ. ಅದಕ್ಕೇ ಮೊಳಕೆ ಕಟ್ಟೋದು, ನಿಂಬೆಹಣ್ಣು ಹಿಂಡೋದು, ಮೊಟ್ಟೆ ಕೊಡೋದು.

ಬರೀ ಅನ್ನ ತುಂಬಿದ ತಟ್ಟೆಯೇ ರೋಗದ ಮೂಲ. ಆ ಅನ್ನಕ್ಕೇ ಔಷಧಿ ಬೆರೆಸಿದ್ರೆ ತಟ್ಟೆ ಬದಲಾಗಲ್ಲ. 2025-26ಕ್ಕೆ ರಾಗಿಗೆ 4,886 ರೂಪಾಯಿ ಬೆಂಬಲ ಬೆಲೆ ಘೋಷಿಸಿದ್ರೆ ಸಾಲ್ದು, ಕೊಂಡು ಮಕ್ಕಳ ತಟ್ಟೆಗೆ ಹಾಕಬೇಕು. ಶಾಲೇಲಿ ಮಾಲ್ಟ್ ಕೊಟ್ಟಿದ್ದು ಒಳ್ಳೇದು, ಬಿಸಿಯೂಟಕ್ಕೆ ಮುದ್ದೆನೂ ಬರಲಿ. ಮುಂದಿನ ಗ್ರಾಮಸಭೇಲಿ ಇದನ್ನ ಠರಾವು ಬರೆಸೋಣ. ಯಾರ್ಯಾರು ಬರ್ತೀರಿ, ಹೇಳಿ.