ಶ್ಯಾನುಭೋಗರ ಮನೆಯ ಕಡತಗಳು: ಸಂಘ-ಸಂಸ್ಥೆಗಳು ಗಮನ ಹರಿಸಲಿ

ಮುಂಬಯಿ, ಪುಣೆಯ ಕನ್ನಡ ಸಂಘಗಳ ಸದಸ್ಯರ ಪಟ್ಟಿ ತೆರೆದರೆ ಕುಲಕರ್ಣಿ, ಶಾನಭಾಗ, ನಾಡಕರ್ಣಿ, ದೇಶಪಾಂಡೆ ಎಂಬ ಅಡ್ಡಹೆಸರುಗಳು ಕಾಣಸಿಗುತ್ತವೆ. ಇಂದು ಇವು ಬರೇ ಮನೆತನದ ಹೆಸರುಗಳು. ಒಂದು ಕಾಲಕ್ಕೆ ಇವು ಹುದ್ದೆಗಳಾಗಿದ್ದವು. ಯಾವ ಗದ್ದೆ ಯಾರದು, ಅಳತೆ ಎಷ್ಟು, ಕಂದಾಯ ಎಷ್ಟು, ಚಕ್ಕುಬಂದಿ ಯಾವುದು ಎಂಬ ಲೆಕ್ಕವನ್ನು ಬರೆದಿಟ್ಟವರು ಈ ಹುದ್ದೆಯ ಹಿರಿಯರು.

ಹುದ್ದೆ ವಂಶಪಾರಂಪರ್ಯವಾಗಿದ್ದುದರಿಂದ ಮನೆಯೇ ಕಚೇರಿಯಾಗಿತ್ತು, ಕಾಗದಪತ್ರಗಳೂ ಮನೆಯಲ್ಲೇ ಇರುತ್ತಿದ್ದವು. ಮುಂಬಯಿ ಪ್ರಾಂತದಲ್ಲಿ ಕುಲಕರ್ಣಿ ವತನವನ್ನು ರದ್ದುಪಡಿಸುವ ಕಾಯಿದೆ 1950ರಲ್ಲಿ ಬಂತು. ಮೈಸೂರು ರಾಜ್ಯದಲ್ಲಿ 1961ರ ಕಾಯಿದೆಯಂತೆ ಶ್ಯಾನುಭೋಗಿಕೆ, ಪಟೇಲಿಕೆಗಳು 1963ರ ಫೆಬ್ರವರಿಯಿಂದ ಕೊನೆಗೊಂಡವು. ಚಾಲ್ತಿಯಲ್ಲಿದ್ದ ಸರಕಾರಿ ಪುಸ್ತಕಗಳು ಹೊಸ ಗ್ರಾಮಲೆಕ್ಕಿಗರ ಕೈಸೇರಿದವು. ಆದರೆ ಅದಕ್ಕೂ ಹಳೆಯ ಕಡತಗಳು, ಸ್ವಂತಕ್ಕೆಂದು ಮಾಡಿಕೊಂಡ ನಕಲುಗಳು, ಗೇಣಿ ಲೆಕ್ಕಗಳು ಎಷ್ಟೋ ಮನೆಗಳ ಅಟ್ಟದಲ್ಲೇ ಉಳಿದವು. ಆ ಮನೆಯ ಮಕ್ಕಳು, ಮೊಮ್ಮಕ್ಕಳು ಇಂದು ಡೊಂಬಿವಲಿ, ಮಾಟುಂಗಾ, ಕೋಥರೂಡಿನ ಫ್ಲ್ಯಾಟುಗಳಲ್ಲಿದ್ದಾರೆ. ಊರಿನ ಮನೆಗೆ ಬೀಗ ಬಿದ್ದಿದೆ, ಇಲ್ಲವೇ ಅದು ಮಾರಾಟಕ್ಕಿದೆ. ಮನೆ ಕೆಡವುವಾಗ ತಾಮ್ರದ ಹಂಡೆಗೆ ಪಾಲು ಕೇಳುವವರು ಇದ್ದಾರೆ, ಕಾಗದದ ಗಂಟನ್ನು ಕೇಳುವವರಿಲ್ಲ. ಅದು ಗುಜರಿಗೋ ಬಚ್ಚಲ ಒಲೆಗೋ ಹೋಗುತ್ತದೆ.

ಆ ಗಂಟಿನಲ್ಲಿ ಇರುವುದಾದರೂ ಏನು? ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಪುಡಿ ಬಳಿದು, ಮಡಿಕೆ ಮಾಡಿ, ಬಳಪದಿಂದ ಬರೆದ ಕಡತಗಳಿರಬಹುದು. ಕನ್ನಡದಲ್ಲೋ ಮೋಡಿ ಲಿಪಿಯಲ್ಲೋ ಬರೆದ ಕಾಗದಗಳಿರಬಹುದು. ಪುಣೆ ಜಿಲ್ಲೆಯ ಇಂದಾಪುರದಲ್ಲಿ 1830ರ ದಶಕದಲ್ಲಿ ವಿಂಗೇಟ್, ಗೋಲ್ಡ್‌ಸ್ಮಿಡ್ ಎಂಬ ಅಧಿಕಾರಿಗಳು ರೂಪಿಸಿದ ಮೋಜಣಿ ಪದ್ಧತಿ ಮುಂದೆ ಧಾರವಾಡದ ಕಡೆಗೂ ಮೈಸೂರಿಗೂ ಹಬ್ಬಿತು. 33 ಅಡಿಯ ಸರಪಳಿ, ಒಂದು ಚದರ ಸರಪಳಿಗೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ ಎಂಬ ಲೆಕ್ಕ ಇಂದಿಗೂ ನಡೆಯುತ್ತಿದೆ. ಸರ್ವೆ ನಂಬರು ಬರುವ ಮೊದಲು ಹೊಲಕ್ಕೊಂದು ಹೆಸರಿತ್ತು. ಕೆರೆಯ ಕಾಲುವೆ, ಬಂಡಿದಾರಿ, ಗೋಮಾಳ ಎಲ್ಲಿತ್ತು ಎಂಬುದಕ್ಕೆ ಹಳೆಯ ಲೆಕ್ಕಗಳಲ್ಲಿ ಸಾಕ್ಷಿ ಸಿಗಬಹುದು. ಕೆರೆ ಒತ್ತುವರಿಯ ಮಾತು ಊರೂರಲ್ಲಿ ಕೇಳಿಬರುವ ಈ ದಿನಗಳಲ್ಲಿ ಇದು ಸಣ್ಣ ವಿಷಯವಲ್ಲ.

ಇಂಥ ಕಾಗದ ಹೊರಬಂದರೆ ಜಮೀನಿನ ತಕರಾರು ಏಳುತ್ತದೆ ಎಂಬ ಅಂಜಿಕೆ ಹಲವರಿಗಿದೆ. ಅಂಜಿಕೆ ಸಹಜ. ಆದರೆ ಹಳೆಯ ಕಡತವೊಂದೇ ಇಂದು ಯಾರಿಗೂ ಒಡೆತನ ಕೊಡಲಾರದು. 'ಭೂಮಿ' ಯೋಜನೆಯಲ್ಲಿ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದ ಬಳಿಕ ದಿನನಿತ್ಯದ ವ್ಯವಹಾರವೆಲ್ಲ ಅದರ ಮೇಲೆಯೇ ನಡೆಯುತ್ತಿದೆ. ಕಡತಗಳ ಬೆಲೆ ಇರುವುದು ಊರಿನ ಚರಿತ್ರೆಗೆ.

ಆ ಚರಿತ್ರೆಯೆಲ್ಲ ಹೆಮ್ಮೆಯದೇ ಎಂದು ತಿಳಿಯಬೇಕಾಗಿಲ್ಲ. ಲೇಖನಿ ಹಿಡಿದವರಿಂದ ಅನ್ಯಾಯವೂ ಆಗಿದೆ. 1974ರ ಭೂಸುಧಾರಣೆಯ ವೇಳೆ ದಕ್ಷಿಣ ಕನ್ನಡದ ಚಾಲಗೇಣಿ ಒಕ್ಕಲುಗಳು ತಾವು ಉತ್ತ ಗದ್ದೆಗೆ ಸಾಕ್ಷಿ ಒದಗಿಸಬೇಕಾಯಿತು. ಕಾಗದದಲ್ಲಿ ಹೆಸರಿಲ್ಲದವರ ಕಷ್ಟ ಹೇಳತೀರದು. ಯಾರ ಹೆಸರು ಬರೆಯಲಾಗಿತ್ತು, ಯಾರದನ್ನು ಬಿಡಲಾಗಿತ್ತು ಎಂಬುದನ್ನು ಮುಂದಿನವರು ಅರಿಯಬೇಕಾದರೆ ಕಾಗದ ಉಳಿಯಲೇಬೇಕು. ಕಚೇರಿಗಳಲ್ಲಿ ಅರಸುವ ಸಂಶೋಧಕರಿಗೆ ಮನೆಯೊಳಗಿನ ಈ ದಾಖಲೆ ತಾನಾಗಿ ಸಿಗದು. ವಂಶಸ್ಥರನ್ನು ಹುಡುಕಿಯೇ ಅದನ್ನು ತಲುಪಬೇಕು. ಆ ವಂಶಸ್ಥರ ವಿಳಾಸ ಇರುವುದು ಹೊರನಾಡ ಸಂಘಗಳ ಬಳಿ.

ಈ ನಿಟ್ಟಿನಲ್ಲಿ ಸಂಘಗಳು ಮುಂದಾಗಬೇಕಾಗಿದೆ. ಇದಕ್ಕೆ ದೊಡ್ಡ ನಿಧಿ ಬೇಡ. ಸದಸ್ಯತ್ವದ ಅರ್ಜಿಯಲ್ಲಿ ಮೂಲ ಊರು, ಮನೆತನದ ಹಳೆಯ ಹುದ್ದೆ, ಕಾಗದಪತ್ರ ಇವೆಯೇ ಎಂಬ ಮೂರು ಪ್ರಶ್ನೆ ಸೇರಿಸಿದರೆ ಕೆಲಸ ಆರಂಭವಾದಂತೆ. ಅಡ್ಡಹೆಸರು ಸುಳಿವು ಮಾತ್ರ. ಮನೆ ಪಾಲಾದಾಗ ಕಾಗದಗಳೂ ಚದುರಿರುತ್ತವೆ, ಆದ್ದರಿಂದ ಊರಿನ ದೊಡ್ಡಪ್ಪ, ಸೋದರತ್ತೆಯರನ್ನೂ ವಿಚಾರಿಸಬೇಕು. ಮೂಲಪ್ರತಿ ಮನೆಯವರಲ್ಲೇ ಇರಲಿ. ಮೊಬೈಲಿನಲ್ಲಿ ಪ್ರತಿ ಪುಟದ ಚಿತ್ರ ತೆಗೆದು, ಊರಿನ ಹೆಸರು ಬರೆದಿಟ್ಟರೆ ಸಾಕು. ಕಡತವನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಬಳಪದ ಅಕ್ಷರ ಅಳಿಸಿಹೋಗುತ್ತದೆ, ಕಾಗದಕ್ಕೆ ಲ್ಯಾಮಿನೇಶನ್ ಮಾಡಿಸಿದರೆ ಅದು ಹಾಳಾಗುತ್ತದೆ. ಈ ಎರಡು ಎಚ್ಚರ ಎಲ್ಲರಿಗೂ ತಿಳಿದಿರಬೇಕು.

ಹೊರನಾಡ ಕನ್ನಡಿಗರಿಗೆ ಇನ್ನೊಂದು ಅನುಕೂಲವೂ ಇದೆ. 1956ಕ್ಕೆ ಮೊದಲು ಧಾರವಾಡ, ಬಿಜಾಪುರ, ಬೆಳಗಾವಿ, ಕಾರವಾರ ಮುಂಬಯಿಗೆ ಸೇರಿದ್ದವು, ಮಂಗಳೂರು ಮದರಾಸಿಗೆ, ಬೀದರ, ಗುಲ್ಬರ್ಗ, ರಾಯಚೂರು ಹೈದರಾಬಾದಿಗೆ. ಆ ಕಾಲದ ಆಡಳಿತದ ದಾಖಲೆಗಳಿಗೆ ಇಂದಿಗೂ ಮುಂಬಯಿ, ಚೆನ್ನೈ, ಹೈದರಾಬಾದಿನ ಪತ್ರಾಗಾರಗಳನ್ನೇ ನೋಡಬೇಕು. ಸರಕಾರ ಬರೆದದ್ದು ಈ ನಗರಗಳಲ್ಲಿದೆ, ಊರು ಬರೆದದ್ದು ಸದಸ್ಯರ ಅಟ್ಟದಲ್ಲಿದೆ. ಎರಡನ್ನೂ ಕೂಡಿಸಬಲ್ಲವರು ಇಲ್ಲಿನ ಕನ್ನಡಿಗರೇ.

ಬೇಸಿಗೆ ರಜೆಗೆ, ಜಾತ್ರೆಗೆ, ನಾಗಾರಾಧನೆಗೆ ಊರಿಗೆ ಹೋಗುವವರು ಒಮ್ಮೆ ಅಟ್ಟ ಹತ್ತಿ ನೋಡಲಿ. ಮನೆ ಮಾರುವ ಕರಾರಿಗೆ ಸಹಿ ಹಾಕುವ ಮೊದಲು ಅಷ್ಟು ಮಾಡಿದರೂ ಊರಿನ ಋಣ ಸ್ವಲ್ಪ ತೀರಿಸಿದಂತಾದೀತು.