ಅಕ್ಷರವನ್ನು ಅಳಿಸಿದವರು ಯಾರು?

ದಕಾರಕ್ಕೂ ಧಕಾರಕ್ಕೂ ನಡುವಿನ ಅಂತರ ಕೆಳಗಿನ ಒಂದು ಸಣ್ಣ ಗೆರೆ ಮಾತ್ರ. ಅಚ್ಚಿನಲ್ಲಿ ಆ ಗೆರೆ ಮೂಡದಿದ್ದರೆ 'ಧನ'ವು 'ದನ'ವಾಗುತ್ತದೆ. ಗಣಿತದ ಪ್ರಶ್ನೆಯಲ್ಲಿ 2 ಮತ್ತು 5ರ ನಡುವೆ ಕಪ್ಪು ಚುಕ್ಕೆಯೊಂದು ಬಿದ್ದರೆ 25 ಎಂಬ ಸಂಖ್ಯೆ 2.5 ಆಗುತ್ತದೆ. ಪರೀಕ್ಷೆಯ ಕೊಠಡಿಯಲ್ಲಿ ಕುಳಿತ ಮಗುವಿಗೆ ಅದು ಯಂತ್ರದ ತಪ್ಪೆಂದು ತಿಳಿಯುವ ದಾರಿಯಿಲ್ಲ. ಕಂಡದ್ದನ್ನು ನಂಬಿ ಉತ್ತರ ಬರೆಯುತ್ತದೆ, ಅಂಕ ಕಳೆದುಕೊಳ್ಳುತ್ತದೆ.

ಗಡಿನಾಡಿನ ಕನ್ನಡ ಶಾಲೆಗಳಿಗೆ ಈ ವಿಚಾರ ಇನ್ನಷ್ಟು ಹತ್ತಿರದ್ದು. ನೂರಿನ್ನೂರು ಪ್ರತಿಗಳ ಅಭ್ಯಾಸ ಪುಸ್ತಕಕ್ಕೋ ಶಾಲಾ ವಾರ್ಷಿಕ ಸಂಚಿಕೆಗೋ ಆಫ್‌ಸೆಟ್ ಪ್ಲೇಟ್ ಮಾಡಿಸುವುದು ದುಬಾರಿ. ಪ್ಲೇಟಿನ ಅಗತ್ಯವೇ ಇಲ್ಲದ ಡಿಜಿಟಲ್ ಮುದ್ರಣ ಯಂತ್ರವೇ ಅಲ್ಪಸಂಖ್ಯಾತ ಭಾಷೆಯ ಪುಸ್ತಕಗಳಿಗೆ ಆಸರೆ. ಆದರೆ ಅಚ್ಚು ಕೆಟ್ಟಾಗ "ಕನ್ನಡ ಲಿಪಿಯೇ ಕಷ್ಟ, ಒತ್ತಕ್ಷರ ಸರಿಯಾಗಿ ಬರುವುದಿಲ್ಲ" ಎಂಬ ಮಾತು ಸುಲಭವಾಗಿ ಹೊರಡುತ್ತದೆ. ವಿಚಾರಣೆಯಿಲ್ಲದೆ ಲಿಪಿಯ ಮೇಲೆ ಹೊರಿಸುವ ಈ ಆರೋಪ ನ್ಯಾಯವಲ್ಲ. ದೋಷಕ್ಕೆ ಕಾರಣವಿರುತ್ತದೆ, ಅದರ ಸಾಕ್ಷ್ಯ ಬಹುಮಟ್ಟಿಗೆ ಹಾಳೆಯ ಮೇಲೆಯೇ ಇರುತ್ತದೆ.

ಸಾಕ್ಷ್ಯವನ್ನು ಓದಲು ಯಂತ್ರದ ಕೆಲಸವನ್ನು ಸ್ವಲ್ಪ ಅರಿಯಬೇಕು. 1938ರಲ್ಲಿ ನ್ಯೂಯಾರ್ಕಿನ ಅಸ್ಟೋರಿಯದಲ್ಲಿ ಚೆಸ್ಟರ್ ಕಾರ್ಲ್‌ಸನ್ ಕಂಡುಕೊಂಡ ತತ್ತ್ವವೇ ಟೋನರ್ ಬಳಸುವ ಇಂದಿನ ಯಂತ್ರಗಳಿಗೂ ಆಧಾರ. ಡ್ರಮ್ ಎಂಬ ಉರುಳೆಯ ಮೇಲೆ ವಿದ್ಯುದಾವೇಶ ತುಂಬಲಾಗುತ್ತದೆ. ಬೆಳಕು ಅದರ ಮೇಲೆ ಅಕ್ಷರದ ರೂಪವನ್ನು ಬರೆಯುತ್ತದೆ. ಟೋನರ್ ಪುಡಿ ಆ ರೂಪಕ್ಕೆ ಅಂಟಿ ಕಾಗದಕ್ಕೆ ವರ್ಗವಾಗುತ್ತದೆ. ಕೊನೆಗೆ ಫ್ಯೂಸರ್ ಎಂಬ ಬಿಸಿ ಉರುಳೆ ಅದನ್ನು ಕರಗಿಸಿ ಕಾಗದದಲ್ಲಿ ನಿಲ್ಲಿಸುತ್ತದೆ. ಪ್ರತಿಯೊಂದು ಹಂತದ ಲೋಪಕ್ಕೂ ತನ್ನದೇ ಆದ ಗುರುತಿದೆ.

ಮೊದಲು ಪರೀಕ್ಷಿಸಬೇಕಾದದ್ದು ಯಂತ್ರವನ್ನಲ್ಲ, ಕಡತವನ್ನು. ಪಿಡಿಎಫ್ ಕಡತವನ್ನು ಪರದೆಯ ಮೇಲೆ ಹಿಗ್ಗಿಸಿ ನೋಡಿದಾಗಲೂ ಒತ್ತಕ್ಷರ ಚದುರಿದ್ದರೆ ಯಂತ್ರ ನಿರಪರಾಧಿ. ನುಡಿ, ಬರಹದಂತಹ ತಂತ್ರಾಂಶಗಳ ಹಳೆಯ, ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ ಬೆರಳಚ್ಚಿಸಿದ ಪಠ್ಯವನ್ನು ಫಾಂಟ್ ಸೇರಿಸದೆ ಕಳುಹಿಸಿದರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಇನ್ನೊಂದು ಸಾಮಾನ್ಯ ಲೋಪ, ಕಪ್ಪು ಅಕ್ಷರಗಳನ್ನು ನಾಲ್ಕೂ ಬಣ್ಣಗಳ ಮಿಶ್ರಣದಿಂದ ಮುದ್ರಿಸುವುದು. ಬಣ್ಣಗಳು ಕೂದಲೆಳೆಯಷ್ಟು ಸರಿದರೂ ಅಕ್ಷರದ ಅಂಚಿಗೆ ನೆರಳು ಕಟ್ಟಿ, ಒತ್ತಕ್ಷರದ ಒಳಗಿನ ಬಿಳಿ ಜಾಗ ಮುಚ್ಚಿಹೋಗುತ್ತದೆ. ಪಠ್ಯವನ್ನು ಕಪ್ಪು ಟೋನರೊಂದರಿಂದಲೇ ಮುದ್ರಿಸಿದರೆ ಈ ತೊಂದರೆ ನೀಗುತ್ತದೆ.

ಕಡತ ಶುದ್ಧವಾಗಿದ್ದರೆ ಹಾಳೆಯ ಸರದಿ. ಹಾಳೆ ಸಾಗುವ ದಿಕ್ಕಿನಲ್ಲೇ ಉದ್ದಕ್ಕೆ ಬಿಳಿ ಗೆರೆ ಎಳೆದಂತಿದ್ದರೆ, ಬೆಳಕು ಹಾದುಬರುವ ಗಾಜಿನ ಮೇಲೆ ಧೂಳು ಕುಳಿತಿರಬಹುದು. ಕಪ್ಪು ಗೆರೆಯಾದರೆ ಆವೇಶ ತುಂಬುವ ಭಾಗದ ಕೊಳೆ, ಇಲ್ಲವೆ ಡ್ರಮ್ ಒರೆಸುವ ಪಟ್ಟಿಯ ಸವೆತದ ಮೇಲೆ ಅನುಮಾನ ಪಡಬೇಕು. ಬೆರಳಿನಿಂದ ಉಜ್ಜಿದರೆ ಅಕ್ಷರ ಅಳಿಸಿಹೋಗುವುದಾದರೆ ಫ್ಯೂಸರಿನ ಬಿಸಿ ಸಾಲದು. ದಪ್ಪ ಕಾಗದ ಹಾಕಿ ಯಂತ್ರಕ್ಕೆ ತೆಳು ಕಾಗದವೆಂದು ಸೂಚಿಸಿದರೂ ಹೀಗಾಗುತ್ತದೆ.

ಒಂದೇ ಚುಕ್ಕೆ ಸಮಾನ ಅಂತರದಲ್ಲಿ ಮರುಕಳಿಸಿದರೆ ಅಳತೆಪಟ್ಟಿಯೇ ಸಾಕ್ಷಿ. ಗಾಯಗೊಂಡ ಉರುಳೆ ಒಂದು ಸುತ್ತಿಗೆ ಒಂದು ಗುರುತು ಬಿಡುತ್ತದೆ. ಆದ್ದರಿಂದ ಚುಕ್ಕೆಗಳ ನಡುವಿನ ಅಂತರವೇ ಆ ಉರುಳೆಯ ಸುತ್ತಳತೆ. 30 ಮಿಲಿಮೀಟರ್ ವ್ಯಾಸದ ಉರುಳೆ ಸುಮಾರು 94 ಮಿಲಿಮೀಟರಿಗೊಂದು ಚುಕ್ಕೆ ಇಡುತ್ತದೆ. 100 ಮಿಲಿಮೀಟರ್ ವ್ಯಾಸದ ಉರುಳೆಯ ಸುತ್ತಳತೆ 314 ಮಿಲಿಮೀಟರ್. ಎ4 ಹಾಳೆಯ ಉದ್ದ 297 ಮಾತ್ರ. ಅಂತಹ ದೋಷ ಒಂದೇ ಹಾಳೆಯಲ್ಲಿ ಮರುಕಳಿಸದು. ಸಾಲಾಗಿ ಬಂದ ಹಾಳೆಗಳನ್ನು ಹೋಲಿಸಬೇಕು. ಶಾಲೆಯಲ್ಲಿ ವಿದ್ಯಾರ್ಥಿ ಕಲಿಯುವ ವೃತ್ತದ ಲೆಕ್ಕವೇ ಇಲ್ಲಿ ತಂತ್ರಜ್ಞನ ಕೆಲಸಕ್ಕೆ ಬರುತ್ತದೆ.

ಬಣ್ಣದ ಯಂತ್ರವಾದರೆ ನಾಲ್ಕು ಬಣ್ಣಗಳ ತಿಳಿ ಪುಟಗಳನ್ನು ಬೇರೆಬೇರೆಯಾಗಿ ಮುದ್ರಿಸಿ ನೋಡುವುದು ಒಳ್ಳೆಯದು. ದೋಷ ಒಂದೇ ಬಣ್ಣದಲ್ಲಿ ಕಂಡರೆ ಆ ಬಣ್ಣದ ಘಟಕ ಹೊಣೆ. ನಾಲ್ಕರಲ್ಲೂ ಕಂಡರೆ ನಾಲ್ಕಕ್ಕೂ ಸಮಾನವಾದ ವರ್ಗಾವಣೆ ಪಟ್ಟಿ ಅಥವಾ ಫ್ಯೂಸರಿನ ಕಡೆ ನೋಡಬೇಕು. ಒಮ್ಮೆಗೆ ಒಂದನ್ನೇ ಬದಲಿಸಬೇಕೆಂಬುದು ನಿಯಮ. ಎರಡನ್ನು ಒಟ್ಟಿಗೆ ಬದಲಿಸಿದರೆ ದೋಷ ಮಾಯವಾದರೂ ತಪ್ಪಿತಸ್ಥ ಯಾರೆಂಬುದು ತಿಳಿಯದೆ ಉಳಿಯುತ್ತದೆ.

ಕಾಗದವನ್ನೂ ಮರೆಯಬಾರದು. ಕಾಸರಗೋಡಿನಲ್ಲಿ ಶಾಲೆ ತೆರೆಯುವ ಕಾಲವೂ ಮಳೆಗಾಲ ಹಿಡಿಯುವ ಕಾಲವೂ ಒಂದೇ. ತೇವ ಹೀರಿದ ಕಾಗದ ವಿದ್ಯುದಾವೇಶವನ್ನು ಹಿಡಿದಿಟ್ಟುಕೊಳ್ಳದು. ಟೋನರ್ ಸರಿಯಾಗಿ ವರ್ಗವಾಗದೆ ಅಚ್ಚು ಮಾಸಲಾಗಿ, ತೇಪೆತೇಪೆಯಾಗಿ ಬರುತ್ತದೆ. ಸೊಲ್ಲಾಪುರದಂತಹ ಒಣ ಸೀಮೆಯ ಬೇಸಿಗೆಯಲ್ಲಿ ತೊಂದರೆ ಇದಕ್ಕೆ ವಿರುದ್ಧ: ಸ್ಥಾಯಿ ವಿದ್ಯುತ್ತಿನಿಂದ ಹಾಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ರೀಮನ್ನು ಬಳಸುವವರೆಗೆ ಹೊದಿಕೆಯಲ್ಲೇ ಇಡುವುದು ಎರಡೂ ಕಡೆಗೆ ಸಲ್ಲುವ ಎಚ್ಚರ.

ಶಾಲೆಯವರಿಗೂ ರಕ್ಷಕ-ಶಿಕ್ಷಕ ಸಂಘಕ್ಕೂ ಇಲ್ಲಿ ಒಂದು ಪಾತ್ರವಿದೆ. 1930ರ ಸರಕು ಮಾರಾಟ ಕಾಯಿದೆಯ 17ನೆಯ ಕಲಮು ಮಾದರಿಯ ಮೇಲಿನ ಮಾರಾಟವನ್ನು ಕುರಿತದ್ದು: ಒಟ್ಟು ಸರಕು ಮಾದರಿಯ ಗುಣಮಟ್ಟಕ್ಕೆ ಹೊಂದಬೇಕು, ಹೋಲಿಸಿ ನೋಡಲು ಕೊಳ್ಳುವವನಿಗೆ ನ್ಯಾಯವಾದ ಅವಕಾಶವಿರಬೇಕು. ಮುದ್ರಣದ ಆದೇಶದಲ್ಲಿಯೂ ಈ ತತ್ತ್ವವನ್ನು ಸ್ಪಷ್ಟವಾಗಿ ಬರೆಯಿಸುವುದು ಲೇಸು. ಮಾದರಿ ಪ್ರತಿಯನ್ನು ಕನ್ನಡ ಬಲ್ಲ ಶಿಕ್ಷಕರೊಬ್ಬರು ಓದಿ, ಸಹಿ ಮಾಡಿ, ಒಂದು ಪ್ರತಿಯನ್ನು ಶಾಲೆಯಲ್ಲಿಯೇ ಉಳಿಸಿಕೊಳ್ಳಬೇಕು. ಪುಸ್ತಕಗಳು ಬಂದಾಗ ಕಟ್ಟಿನ ಮೇಲಿನ ಪ್ರತಿಯನ್ನಷ್ಟೇ ನೋಡದೆ ನಡುವಿನ, ಕೊನೆಯ ಪ್ರತಿಗಳನ್ನೂ ತೆರೆಯಬೇಕು. ಕೆಲವು ದೋಷಗಳು ಮುದ್ರಣ ಸಾಗಿದಂತೆ ಹುಟ್ಟುತ್ತವೆ.

ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಆ ಮಾತು ಮಗುವನ್ನು ತಲುಪುವುದು ಕೊನೆಗೆ ಅಚ್ಚಾದ ಹಾಳೆಯ ಮೂಲಕವೇ. ಕೆಟ್ಟ ಪುಟ ಕಂಡಾಗ ಅದನ್ನು ಎಸೆಯದೆ, ದಿನಾಂಕ ಬರೆದು, ಚುಕ್ಕೆಗಳ ಅಂತರ ಅಳೆದು, ಮುದ್ರಣಾಲಯಕ್ಕೆ ಹಿಂದಿರುಗಿಸುವುದು ಸರಿಯಾದ ಕ್ರಮ.