ವಿಡಿಯೊ ನೋಡಿದ್ದು ಸಾಕು, ಪೆನ್ನು ಹಿಡಿಯೋಣ

ಮೊಳಕಾಲ್ಮುರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ವಿಜ್ಞಾನ ಓದಲು ಚಳ್ಳಕೆರೆಗೆ ಬಂದವಳು ನಾನು. ಪ್ರಥಮ ಪಿಯುಸಿಯ ಭೌತವಿಜ್ಞಾನ ತರಗತಿಯಲ್ಲಿ ನನ್ನನ್ನು ಮೊದಲು ಕಂಗೆಡಿಸಿದ ಪದ ‘ಟೆನ್ಷನ್’. ನಮ್ಮ ಕಡೆ ಟೆನ್ಷನ್ ಎಂದರೆ ಚಿಂತೆ. ಹಗ್ಗಕ್ಕೆಂಥ ಚಿಂತೆ ಎಂದು ಕೇಳುವ ಧೈರ್ಯ ಬರಲಿಲ್ಲ.

ಟ್ಯೂಷನ್‌ಗೆ ದುಡ್ಡಿರಲಿಲ್ಲ, ಮೊಬೈಲ್ ಇತ್ತು. ಎನ್‌ಸಿಇಆರ್‌ಟಿ ಪುಸ್ತಕದ ಅಧ್ಯಾಯಗಳು, ಖಾನ್ ಅಕಾಡೆಮಿಯ ಪಾಠಗಳು ಎಲ್ಲವೂ ಉಚಿತ. ರಾತ್ರಿ ಹಾಸ್ಟೆಲ್‌ನಲ್ಲಿ, ಶನಿವಾರ ಊರಿಗೆ ಹೋಗುವ ಬಸ್ಸಿನಲ್ಲಿ ನೋಡಿದ್ದೇ ನೋಡಿದ್ದು. ಎಲ್ಲ ಅರ್ಥವಾಯಿತು ಎಂದುಕೊಂಡಿದ್ದೆ. ಕಿರುಪರೀಕ್ಷೆಯಲ್ಲಿ ಬಂದದ್ದು 25ಕ್ಕೆ 6 ಅಂಕ.

ಆ ವಾರ ಊರಿಗೆ ಹೋದಾಗ ಅಪ್ಪ ರೇಷ್ಮೆ ಸೀರೆ ನೇಯುತ್ತಿದ್ದರು. ಮಗ್ಗದ ಹಾಸಿನ ಎಳೆಗಳನ್ನು ಬೆರಳಿನಿಂದ ಒತ್ತಿ, ‘ಬಿಗಿ ಸಾಲ್ದು ಕಣವ್ವ’ ಎಂದರು. ಟೆನ್ಷನ್ ಎಂದರೆ ಆ ಬಿಗಿಯೇ ಎಂದು ಹೊಳೆದದ್ದು ಆಗ. ನೂರು ವಿಡಿಯೊ ನೋಡಿದರೂ ನಾನು ಒಮ್ಮೆಯೂ ಪೆನ್ನು ಹಿಡಿದಿರಲಿಲ್ಲ, ಯಾರನ್ನೂ ಕೇಳಿರಲಿಲ್ಲ.

ಆಮೇಲೆ ವಿಡಿಯೊವನ್ನು ನಡುವೆ ನಿಲ್ಲಿಸಿ ಲೆಕ್ಕವನ್ನು ನಾನೇ ಮಾಡತೊಡಗಿದೆ. ಇಳಿಜಾರಿನಲ್ಲಿಟ್ಟ ಪೆಟ್ಟಿಗೆಯನ್ನು ಕೆಳಕ್ಕೆಳೆಯುವ ಬಲಕ್ಕೆ ಸೈನ್ ಬರೆಯಬೇಕೋ, ಕಾಸ್ ಬರೆಯಬೇಕೋ? ಕೋನವನ್ನು ಸೊನ್ನೆ ಮಾಡಿ ನೋಡಿದೆ. ಸಮತಟ್ಟು ನೆಲದಲ್ಲಿ ಪೆಟ್ಟಿಗೆ ತಾನಾಗಿ ಜಾರುವುದಿಲ್ಲ, ಸೈನ್ ಸೊನ್ನೆಯೂ ಸೊನ್ನೆ. ಹಾಗಾದರೆ ಸೈನ್ ಸರಿ. ಬಾಯಿಪಾಠದ ಅಗತ್ಯವೇ ಬೀಳಲಿಲ್ಲ.

ನೊಬೆಲ್ ಪುರಸ್ಕೃತ ಕಾರ್ಲ್ ವೀಮನ್ 2002ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ‘ಫೆಟ್’ ಜಾಲತಾಣದಲ್ಲಿ ಪ್ರಯೋಗಗಳನ್ನು ಪರದೆಯ ಮೇಲೆಯೇ ಮಾಡಬಹುದು. ನೆಲದಿಂದ ಒಂದೇ ವೇಗದಲ್ಲಿ 30 ಮತ್ತು 60 ಡಿಗ್ರಿ ಕೋನದಲ್ಲಿ ಚೆಂಡು ಹಾರಿಸಿದರೆ ಯಾವುದು ದೂರ ಹೋಗುತ್ತದೆ? 30 ಎಂದು ನೋಟ್‌ಬುಕ್‌ನಲ್ಲಿ ಬರೆದು ಗುಂಡಿ ಒತ್ತಿದೆ. ಗಾಳಿಯ ತಡೆ ಇಲ್ಲದಿದ್ದಾಗ ಎರಡೂ ಒಂದೇ ದೂರಕ್ಕೆ ಬಿದ್ದವು. ಮೊದಲೇ ಬರೆದಿಟ್ಟಿದ್ದರಿಂದ ನನ್ನ ತಪ್ಪು ನನಗೇ ಕಂಡಿತು.

ಇಂದು ನಮಗೆ ಪಾಠಗಳ ಕೊರತೆಯಿಲ್ಲ. ಆದರೆ ವಾಟ್ಸ್‌ಆ್ಯಪ್ ಗುಂಪಿಗೆ ಲಿಂಕ್ ಕಳಿಸಿದರೆ ಪಾಠ ಮಾಡಿದಂತಾಗುವುದಿಲ್ಲ. ವಾರಕ್ಕೊಂದು ಗಂಟೆ ಸಾಕು: ಹತ್ತು ನಿಮಿಷ ವಿಡಿಯೊ ತೋರಿಸಲಿ, ಉಳಿದ ಹೊತ್ತು ಲೆಕ್ಕ ಮಾಡಿಸಲಿ, ಅನುಮಾನಗಳನ್ನು ಕನ್ನಡದಲ್ಲಿ ಕೇಳಲು ಬಿಡಲಿ. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಕ್ಯಾಂಪಸ್ ಇದೆ. ಅಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿಯೂ ನಡೆಯುತ್ತದೆ. ಅದರ ಫಲ ಸುತ್ತಲಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಮೊದಲು ಸಿಗಬೇಕು.

ಮುಂದಿನ ಪರೀಕ್ಷೆಯಲ್ಲಿ ನನಗೆ 17 ಅಂಕ ಬಂತು. ಈ ವರ್ಷ ವಿಜ್ಞಾನಕ್ಕೆ ಸೇರಿದ ತಮ್ಮ, ತಂಗಿಯರೇ, ಬಸ್ಸಿನಲ್ಲಿ ವಿಡಿಯೊ ನೋಡಿ, ಬೇಡ ಎನ್ನುವುದಿಲ್ಲ. ಇಳಿದ ಮೇಲೆ ಅದೇ ಲೆಕ್ಕವನ್ನು ನೋಡದೆ ಬರೆಯಿರಿ. ಪೆನ್ನು ಎಲ್ಲಿ ನಿಲ್ಲುತ್ತದೋ, ಅದನ್ನು ಮರುದಿನ ಮೇಷ್ಟ್ರಿಗೆ ನಾಚಿಕೆಯಿಲ್ಲದೆ ಕೇಳಿ.